ಮಂಗಳತ್ತೆಯ ಜಪಾನ್ ಗಿಡಕ್ಕೆ ತಿಪ್ಪೆ ಗೊಬ್ಬರ

ಗುಂಡ್ಲುಪೇಟೆ ಪಕ್ಕದ ನಮ್ಮೂರಲ್ಲಿ ನಾನು ಐದನೇ ಕ್ಲಾಸು ಓದುತ್ತಿದ್ದಾಗ ಹೂವೆಂದರೆ ಚೆಂಡುಹೂವು. ಮೂಟೆಗಟ್ಟಲೆ ಕಿತ್ತು ಲಾರಿಗೆ ತುಂಬುವುದು, ಎಷ್ಟು ತೊಳೆದರೂ ಅನ್ನ ಕಲಸುವ ಕೈಯಲ್ಲಿ ಅದೇ ಘಾಟು. ಅಂಥ ಮನೆಗೆ ಮಂಗಳತ್ತೆ, ಅಂದರೆ ಅಪ್ಪನ ತಂಗಿ, ಅಂಗೈಯಗಲದ ಕುಂಡದಲ್ಲಿ ಜಪಾನಿನ ಆರ್ಕಿಡ್ ತಂದಿಟ್ಟರು. ಅವರು ಕೆಲಸಕ್ಕೆ ಹೋಗುತ್ತಿದ್ದ ನರ್ಸರಿಯವರು ಬಾಡಿದೆ ಎಂದು ಎಸೆಯಹೊರಟಿದ್ದ ಗಿಡ.

ಗಿಡವೋ, ನನ್ನ ಕಿರುಬೆರಳುದ್ದ! ಮಣ್ಣೇ ಇಲ್ಲ. ಪಾಚಿ ಗುಡ್ಡೆಯ ಮೇಲೆ ಕೂತು ಬೇರುಗಳನ್ನು ಗಾಳಿಗೆ ಚಾಚಿಕೊಂಡಿತ್ತು; ಮಣ್ಣಲ್ಲಿ ಹೂತರೆ ಆ ಬೇರು ಕೊಳೆಯುತ್ತದಂತೆ. ಅತ್ತೆ ಅದಕ್ಕೆ ದಿನಾ ನೀರು ಚಿಮುಕಿಸುವರು. ಅಜ್ಜಿಗೆ ಮೈಯೆಲ್ಲ ಉರಿ.

"ಮುಡಿಯಕ್ಕಿಲ್ಲ, ಮಾರಕ್ಕಿಲ್ಲ. ಏನ್ ಕಂಡ್ಯಮ್ಮಿ ಇದ್ರಲ್ಲಿ?"

"ಒಂದೇ ಒಂದು ಹೂ ನೋಡ್ಬೇಕು ಕಣವ್ವ, ಅಷ್ಟೇಯ."

ಮಳೆಗಾಲಗಳು ಕಳೆದವು, ಹೂವಿಲ್ಲ. ಕೊನೆಗೊಂದು ಬೇಸಿಗೆಯಲ್ಲಿ ಎಲೆಸಂದಿಯಿಂದ ಅಕ್ಕಿಕಾಳಿನಷ್ಟು ಮೊಗ್ಗು ಇಣುಕಿತು. ಅತ್ತೆ ನನ್ನ ಕೈ ಹಿಡಿದುಕೊಂಡು ಕುಣಿದರು. ಅಷ್ಟರಲ್ಲಿ ಬೇಗೂರಿನ ನೆಂಟರ ಮನೆಯಲ್ಲಿ ಬಾಣಂತನ ಬಂತು. ರಜೆಯಲ್ಲಿದ್ದ ನನ್ನನ್ನೂ ಕರೆದುಕೊಂಡು, ಗಿಡವನ್ನು ಅಜ್ಜಿಗೆ ಒಪ್ಪಿಸಿ ಅತ್ತೆ ಹೊರಟರು.

ವಾಪಸ್ಸು ಬಂದಾಗ ಗಿಡ ದೊಡ್ಡ ಮಣ್ಣಿನ ಕುಂಡದಲ್ಲಿತ್ತು. ಕತ್ತಿನವರೆಗೂ ಕಪ್ಪು ಮಣ್ಣು, ತಿಪ್ಪೆ ಗೊಬ್ಬರ, ಮೇಲೆ ಕೆಸರಾಗುವಷ್ಟು ನೀರು!

"ಪಾಪದ್ದು, ಬೇರೆಲ್ಲ ಆಚೆ ಬುಟ್ಕೊಂಡು ಒಣಗ್ತಿತ್ತು ಕಣಮ್ಮಿ. ನಾನೇ ಗೊಬ್ಬರ ಒತ್ಕೊಂಡ್ ಬಂದು ಆಕ್ದೆ. ನೋಡು, ಎಂಗ್ ಅರಳೈತೆ!"

ಅರಳಿದ್ದು ನಿಜ. ಬೆಳ್ಳನೆಯ ಪುಟ್ಟ ಹೂ, ಹಿಂದೊಂದು ಸಪೂರ ಬಾಲ. ಅತ್ತೆ ಮಣ್ಣಿಗೆ ಬೆರಳಿಟ್ಟು ಒಂದು ಬೇರು ಎಳೆದರು. ಸಿಪ್ಪೆ ಬೆರಳಿಗೇ ಬಂತು, ಉಳಿದದ್ದು ಬರೀ ದಾರ. ಕೊಳೆತ ನಾತ. ಅಯ್ಯೋ ದೇವರೇ, ಅತ್ತೆ ಈಗ ಅಜ್ಜಿಯ ಮೇಲೆ ಹಾರಿಬೀಳುತ್ತಾರೆ ಎಂದುಕೊಂಡೆ.

"ಅಜ್ಜೀ, ಇದು ಕೊಳ್ತು..." ಎನ್ನುವಷ್ಟರಲ್ಲಿ ಅತ್ತೆ ನನ್ನ ತೊಡೆ ಚಿವುಟಿದರು.

"ಹೂಂ ಕಣವ್ವ. ನಿನ್ ಗೊಬ್ಬರಕ್ಕೇ ಹೂ ಬುಟ್ಟಿದ್ದು."

ಸುಳ್ಳು ಹೇಳಿದರೆ ನನ್ನ ಕೆನ್ನೆ ಊದಿಸುತ್ತಿದ್ದ ಅತ್ತೆ! ಅಜ್ಜಿ ಬೀದಿಯವರನ್ನೆಲ್ಲ ಕರೆತಂದು ಹೂ ತೋರಿಸಿದರು. ಸಂಜೆ ಅದರ ಘಮ ಏಲಕ್ಕಿ ಪಾಯಸದಂತೆ ಜಗಲಿಗೆಲ್ಲ ಹರಡಿತು. ಅತ್ತೆ ಕುಂಡದ ಪಕ್ಕ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಿಡ ಸತ್ತಾಗ, "ಇದ್ರ ಆಯಸ್ಸೇ ಇಷ್ಟು ಕಣವ್ವ" ಎಂದುಬಿಟ್ಟರು.

ಅಜ್ಜಿ ಈಗಿಲ್ಲ. ಚಾಮರಾಜನಗರದಲ್ಲಿ ಅತ್ತೆಯ ಮನೆ ಮಹಡಿಯ ತುಂಬ ಅದೇ ಜಾತಿಯ ಗಿಡಗಳಿವೆ, ಪ್ರತಿ ಬೇಸಿಗೆಯೂ ಹೂ. ಮೊನ್ನೆ ಹೋದಾಗ ಎಷ್ಟು ಚೆನ್ನಾಗಿವೆ ಎಂದು ಹೊಗಳಿದೆ. ಅತ್ತೆ ಒಂದೊಂದೇ ಕುಂಡ ನೋಡಿದರು.

"ಚೆನ್ನಾಗವೆ. ಯಾರೂ ಗೊಬ್ಬರ ಹೊತ್ಕೊಂಡ್ ಬಂದು ಹಾಳು ಮಾಡಲ್ವಲ್ಲಮ್ಮಿ ಈಗ."