ಬುತ್ತಿಗೆ ತಂದ ಪುಂಡಿ ಉಪ್ಪಿನಕಾಯಿ

ನಮ್ಮ ಕೇರಿಯಲ್ಲಿ ಮದುವೆಯಾಗಲಿ, ಮನೆ ಒಕ್ಕಲಾಗಲಿ, ಸಾರಿನ ಒಲೆ ಆರಿಸುವ ಮೊದಲು ಅಡುಗೆಯವರು ನನ್ನನ್ನು ಕರೆಯುತ್ತಿದ್ದರು. ಸೌಟಿನಿಂದ ಅಂಗೈಗೆ ಎರಡು ಹನಿ ಬಿದ್ದರೆ ಸಾಕು, ಉಪ್ಪು ಎಷ್ಟು ಹಿಂದೆ ಬಿದ್ದಿದೆ, ಹುಳಿ ಎಷ್ಟು ಮುಂದೆ ಹೋಗಿದೆ ಎಂದು ಹೇಳಿಬಿಡುತ್ತಿದ್ದೆ. ಸರಿಯಿಲ್ಲದಿದ್ದರೆ ಬೈಯುತ್ತಲೂ ಇದ್ದೆ. "ನಿನ್ನ ನಾಲಿಗೆ ಎರಡೇ ಕೆಲಸಕ್ಕೆ ಜೋರು. ರುಚಿ ನೋಡಾಕೆ, ಬೈಯಾಕೆ" ಎನ್ನುತ್ತಿದ್ದರು ನಮ್ಮ ಮನೆಯವರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಹೋದ ಶಿವರಾತ್ರಿ ಕಳೆದ ಮೇಲೆ ಒಂದು ಜ್ವರ ಬಂತು. ನಾಲ್ಕು ದಿನಕ್ಕೆ ಇಳಿದೂ ಹೋಯಿತು. ಐದನೇ ದಿನ ಬೆಳಿಗ್ಗೆ ಚಹಾ ಕುಡಿದರೆ ಬಿಸಿ ಮಾತ್ರ ತಿಳಿಯಿತು, ಚಹಾ ತಿಳಿಯಲಿಲ್ಲ. ಇನ್ನೆರಡು ದಿನ ಹೋದರೆ ಸರಿಯಾದೀತು ಅಂದುಕೊಂಡೆ. ಆಗಲಿಲ್ಲ. ಅನ್ನ ಮೆತ್ತಗಿತ್ತು, ರೊಟ್ಟಿ ಗಟ್ಟಿಯಿತ್ತು, ಮೆಣಸಿನಕಾಯಿ ಸುಡುತ್ತಿತ್ತು. ಅದರಾಚೆ ಬಾಯಿಗೆ ಏನೂ ಬರುತ್ತಿರಲಿಲ್ಲ. ಮೂಗಿಗೂ ಅಷ್ಟೇ. ನಮ್ಮ ಕುರಿ ಹಟ್ಟಿಯೊಳಗೆ ನಿಂತು ಎದೆ ತುಂಬ ಉಸಿರೆಳೆದರೂ ಬೆಟ್ಟದ ಮೇಲಿನ ಗಾಳಿ ಕುಡಿದ ಹಾಗೆ. ಕನಸಿನಲ್ಲಿ ಎಷ್ಟು ಉಂಡರೂ ಬಾಯಿಗೆ ತಿಳಿಯುವುದಿಲ್ಲವಲ್ಲ, ಆ ಕನಸಿನೊಳಗೇ ಎಲ್ಲೋ ಉಳಿದುಬಿಟ್ಟಿದ್ದೆ. ಒಲೆಯ ಮುಂದೆ ಕೂತು ಒಗ್ಗರಣೆ ಸಿಡಿಯುವುದನ್ನು ನೋಡುತ್ತಿದ್ದೆ, ಸದ್ದು ಕೇಳುತ್ತಿದ್ದೆ. ಇದೆಲ್ಲ ಯಾರದೋ ಮನೆಯಲ್ಲಿ ನಡೆಯುತ್ತಿದೆ ಅನ್ನಿಸುತ್ತಿತ್ತು.

ಯಾರಿಗೂ ಹೇಳಲಿಲ್ಲ. ಮೊಣಕಾಲು ನೋವು ಎಂದು ಮನೆಯಲ್ಲಿ ಸುಳ್ಳು ಹೇಳಿ ಶಿಕಾರಿಪುರದ ಡಾಕ್ಟರ ಹತ್ತಿರ ಹೋಗಿದ್ದೆ. "ಕೆಲವರಿಗೆ ಬೇಗ ಬರ್ತದೆ, ಕೆಲವರಿಗೆ ತಡ ಆಗ್ತದೆ" ಎಂದರು. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತೆ. ಅಡುಗೆಯನ್ನು ಚಮಚದ ಲೆಕ್ಕದಲ್ಲಿ ಮಾಡುವುದು, ಮನೆಯವರು ಎರಡನೇ ಸಲ ಸಾರು ಕೇಳುತ್ತಾರೋ ಇಲ್ಲವೋ ಎಂದು ನೋಡುವುದು, ಹೀಗೆ ಎಂಟು ತಿಂಗಳು ತಳ್ಳಿದೆ. ಮದುವೆ ಮನೆಗಳಲ್ಲಿ ಅಡುಗೆಯವರು ಕರೆದರೆ ಸೌಟಿನ ಹನಿ ನೆಕ್ಕಿ, ಹುಬ್ಬು ಗಂಟು ಹಾಕಿ, "ಒಂಚೂರು ಉಪ್ಪು ಬೀಳಲಿ" ಎನ್ನುತ್ತಿದ್ದೆ. ಆ ಮಾತು ನೂರರಲ್ಲಿ ತೊಂಬತ್ತು ಸಾರಿಗೆ ಸರಿಹೋಗುತ್ತದೆ. ಹೇಳಿಬಿಟ್ಟಿದ್ದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು, ನಿಜ. ನನಗೆ ಆ ಅಯ್ಯೋ ಪಾಪವೇ ಬೇಡವಾಗಿತ್ತು.

ಹೀಗಿರುವಾಗ ದಸರಾ ಮುಗಿದ ಮೇಲೆ ಮಗಳ ಫೋನು ಬಂತು. ಅವಳನ್ನು ಕೊಟ್ಟಿರುವುದು ಸೊರಬ ತಾಲ್ಲೂಕಿನ ಜಡೆಗೆ. ಗದ್ದೆ, ಒಂದಿಷ್ಟು ತೋಟ, ಜೊತೆಗೆ ಸಣ್ಣ ವ್ಯಾಪಾರ ಇರುವ ಮನೆ. ಅವಳಿಗೆ ಮೊದಲ ಬಸಿರು, ಮೂರು ತಿಂಗಳು ತುಂಬುತ್ತಿತ್ತು.

"ಅವ್ವ, ಏನು ತಿಂದ್ರೂ ಹೊಟ್ಟೆಯಾಗೆ ನಿಲ್ತಿಲ್ಲ" ಎಂದಳು. ದನಿ ಸೋತಿತ್ತು. "ಇಲ್ಲಿ ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ಬೆಲ್ಲ ಅಂದ್ರೆ ಸಾಕು, ಹೊಟ್ಟೆ ತೊಳಸ್ತತೆ. ನಂಗೆ ನಿನ್ನ ಪುಂಡಿಸೊಪ್ಪಿನ ಉಪ್ಪಿನಕಾಯಿ ಬೇಕು. ಬರೀ ಹುಳಿ. ಹಲ್ಲು ಚಳಿ ಹಿಡಿಯಂಗೆ."

"ಕಳ್ಳ ಕುಬಸಕ್ಕೆ ಬರ್ತೀನಲ್ಲ, ಬುತ್ತಿ ಜೊತೆ ತರ್ತೀನಿ" ಎಂದುಬಿಟ್ಟೆ. ನಮ್ಮಲ್ಲಿ ಮೊದಲ ಬಸಿರಿಗೆ ಮೂರನೆಯದರಲ್ಲೋ ಐದನೆಯದರಲ್ಲೋ ತಾಯಿ ಸದ್ದುಗದ್ದಲವಿಲ್ಲದೆ ಹೋಗಿ ಮಗಳಿಗೆ ಹಸಿರು ಕುಬಸ ತೊಡಿಸಿ ಬುತ್ತಿ ಉಣಿಸಿ ಬರುವ ಪದ್ಧತಿಯಿದೆ. ಆ ಬುತ್ತಿ ಮೀಸಲು. ಬಸುರಿಯ ಬಾಯಿಗೆ ಬೀಳುವ ತನಕ ಅದರಲ್ಲಿ ಯಾರೂ ಒಂದು ಅಗುಳು ರುಚಿ ನೋಡುವಂತಿಲ್ಲ. ಎಂಟು ತಿಂಗಳಿಂದ ಹೆದರಿಕೊಂಡಿದ್ದ ನನಗೆ ಈ ಪದ್ಧತಿ ದೇವರು ಕೊಟ್ಟ ಮರೆ ಅನ್ನಿಸಿತ್ತು. ರುಚಿ ನೋಡದೆ ಮಾಡುವುದು ನನ್ನೊಬ್ಬಳ ಕಷ್ಟವಲ್ಲ, ಎಲ್ಲ ತಾಯಂದಿರದೂ ಅದೇ ಪಾಡು ಎಂದು ಸಮಾಧಾನ ಮಾಡಿಕೊಂಡೆ. ಮೂಗಿನಲ್ಲೇ ಉಪ್ಪು ಹುಳಿ ಅಳೆಯುತ್ತಿದ್ದ ಕಾಲ ಹೋಗಿದೆ ಎಂಬುದನ್ನು ಮಾತ್ರ ಮರೆತೆ.

ಮೆಕ್ಕೆಜೋಳದ ಹೊಲದ ಅಂಚಿಗೆ ಪ್ರತಿವರ್ಷ ನಾಲ್ಕು ಸಾಲು ಪುಂಡಿ ಹಾಕುತ್ತೇವೆ, ಕೆಂಪು ದಂಟಿನದು. ಸೊಪ್ಪು ಬಿಡಿಸಿ, ತೊಳೆದು, ನೆರಳಿಗೆ ಆರಿಸಿ, ಎಣ್ಣೆಯಲ್ಲಿ ಬಾಡಿಸಿ ಒಂದು ಸಲ ಮಾಡಿದೆ. ವಾರಕ್ಕೆ ಬೂಸಲು ಬಂತು. ನೀರಿನ ಪಸೆ ಉಳಿದಿತ್ತೋ ಏನೋ, ಮೊದಲಾದರೆ ಬಾಡಿದ ಸೊಪ್ಪಿನ ವಾಸನೆಯೇ ಹೇಳುತ್ತಿತ್ತು. ಎರಡನೇ ಸಲ ಮಾಡಿದ್ದನ್ನು ಬುತ್ತಿಗೆ ಎತ್ತಿಡುವ ಮೊದಲೇ ಮನೆಯವರು ರೊಟ್ಟಿಗೆ ಹಚ್ಚಿಕೊಂಡು, ತಟ್ಟೆಯ ಅಂಚಿಗೆ ಸರಿಸಿ, "ಪುಂಡಿಗೆ ಉಪ್ಪು ಹಾಕೀಯೋ, ಉಪ್ಪಿಗೆ ಪುಂಡಿ ಹಾಕೀಯೋ?" ಎಂದರು. ಮೀಸಲಿಗೆ ಕೈ ಹಾಕಿದರೆಂದು ಅವರ ಮೇಲೇ ಹರಿಹಾಯ್ದೆ. ಮಾರನೇ ದಿನ ಹೊಲದಲ್ಲಿ ಉಳಿದಿದ್ದ ಪುಂಡಿಯನ್ನು ನಮ್ಮ ಕುರಿಗಳೇ ಮೇದುಬಿಟ್ಟವು. ಬೇಲಿಯ ಗೇಟು ತೆಗೆದಿಟ್ಟವಳು ನಾನೇ. ಹೀಗಾಗಿ, ಸೊಪ್ಪಿಲ್ಲ, ಪೇಟೆಯಲ್ಲಿ ಕೊಳ್ಳಬೇಕು ಎನ್ನಲು ಒಂದು ನೆಪ ಸಿಕ್ಕಿತು.

ಶಿಕಾರಿಪುರಕ್ಕೆ ಹೋದೆ. ಮೊದಲ ಅಂಗಡಿಯಲ್ಲಿ ಗಾಜಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಮೇಲೆ ಪುಂಡಿಯ ತೆಲುಗು ಹೆಸರು ಗೋಂಗುರ ಎಂದು ಬಣ್ಣದ ಚೀಟಿ. ಬೆಳಕಿಗೆ ಹಿಡಿದು ನೋಡಿದೆ. ಸೊಪ್ಪು ಅರೆದು ನುಣ್ಣಗಾಗಿತ್ತು, ಹಸಿರು ಹಸಿರಾಗಿಯೇ ಇತ್ತು. ಚೆನ್ನಾಗಿ ಬಾಡಿದ ಪುಂಡಿ ಹಸಿರಾಗಿ ಉಳಿಯುವುದಿಲ್ಲ, ಕಂದು ತಿರುಗುತ್ತದೆ, ಎಳೆ ಎಳೆಯಾಗಿ ಎಣ್ಣೆಯೊಳಗೆ ಮಲಗಿರುತ್ತದೆ. ಎಣ್ಣೆ ಮೇಲೆ ಒಂದು ಬೆರಳು ನಿಂತಿರಬೇಕು. ಬೆಳ್ಳುಳ್ಳಿ ಇಡಿಯಾಗಿರಬೇಕು. ಕಣ್ಣಿಗೆ ಇಷ್ಟಾದರೂ ತಿಳಿಯುತ್ತದಲ್ಲ ಎಂದು ಧೈರ್ಯ ಬಂತು. ಬಾಟಲಿ ವಾಪಸ್ಸಿಟ್ಟು, ಅಂಗಡಿಯವನಿಗೂ ಒಂದು ಮಾತು ಅಂದು, ಪೇಟೆ ಹಿಂದಿನ ಓಣಿಗೆ ನಡೆದೆ.

ಆ ಓಣಿಯಲ್ಲಿ ಒಬ್ಬಾಕೆ ಮನೆಯ ಜಗಲಿಯ ಮೇಲೆ ಭರಣಿ ಇಟ್ಟುಕೊಂಡು ಉಪ್ಪಿನಕಾಯಿ ಮಾರುತ್ತಾಳೆ. ನನ್ನ ಪರಿಚಯ ಅವಳಿಗಿತ್ತು. ಜಗಲಿಯಲ್ಲಿ ಇನ್ನೂ ಮೂವರು ಹೆಂಗಸರು ಕೂತಿದ್ದರು. ನನ್ನನ್ನು ಕಂಡದ್ದೇ ಆಕೆ ಎದ್ದು ನಿಂತಳು.

"ಬರ್ರಿ ಅಕ್ಕ, ಬರ್ರಿ. ನೀವು ಚಲೋ ಐತೆ ಅಂದ್ರೆ ನಂಗೆ ಸರ್ಟಿಫಿಕೇಟ್ ಸಿಕ್ಕಂಗೆ" ಎಂದು ನಕ್ಕು ಎರಡು ಭರಣಿ ಮುಂದಿಟ್ಟಳು. "ಪುಂಡಿ ಎರಡು ಥರ ಮಾಡೀನಿ. ಸೊರಬದ ಕಡೆಯೋರು ಬರ್ತಾರಲ್ರೀ, ಅವರಿಗೆ ಬೆಲ್ಲ ಇಲ್ಲಂದ್ರೆ ಇಳಿಯಲ್ಲ. ಒಂದಕ್ಕೆ ಬೆಲ್ಲ ಹಾಕೀನಿ, ಒಂದಕ್ಕಿಲ್ಲ. ಯಾವುದು ಯಾವುದಂತ ನಿಮಗೆ ನಾ ಹೇಳ್ಬೇಕಾ?"

ಮೀಸಲು ಬುತ್ತಿಗೆ ಬೇಕು, ರುಚಿ ನೋಡುವಂತಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಭರಣಿಯ ತಳದಿಂದ ಬುತ್ತಿಗೆ ಕಟ್ಟಿಸಿಕೊಂಡರೆ ಮೀಸಲು ಕೆಡುವುದಿಲ್ಲ, ಮೇಲಿನದನ್ನು ನೋಡಬಹುದು ಎಂಬ ದಾರಿಯನ್ನೂ ಆಕೆಯೇ ತೋರಿಸಿದಳು. ಎಡಗೈಗೆ ಒಂದರದ್ದು ಒಂದು ಚೂರು, ಆಮೇಲೆ ಇನ್ನೊಂದರದ್ದು. ಬಾಯಿಗೆ ಹಾಕಿಕೊಂಡೆ. ಮೂವರೂ ಮಾತು ನಿಲ್ಲಿಸಿ ನನ್ನ ಬಾಯಿ ನೋಡತೊಡಗಿದರು.

ಕಣ್ಣು ಮುಚ್ಚಿದೆ. ನಾಲಿಗೆಯ ಮೇಲೆ ಎಳೆ ಇತ್ತು, ಜಿಡ್ಡು ಇತ್ತು. ಹಳೆಯ ಹುಳಿಯನ್ನು ಕರೆದೆ. ನನ್ನ ಅವ್ವ ಒಲೆ ಬದಿಗೆ ಕೂತು ಬಿಸಿ ರೊಟ್ಟಿಯ ಮೇಲೆ ಪುಂಡಿ ಸವರಿ ಮಡಚಿ ಕೊಡುತ್ತಿದ್ದದ್ದು ಕಣ್ಣಿಗೆ ಬಂತು. ಅವಳ ಬಳೆ ಬಂತು, ಸೀರೆಯ ಅಂಚು ಬಂತು, ಹುಳಿ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮೈಮರೆತಿದ್ದೆ. ಯಾರೋ ಕೆಮ್ಮಿದರು.

"ಬೆಲ್ಲ ಇಲ್ಲದ್ದು ಯಾವುದು ತಂಗಿ" ಎಂದು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಲಿಲ್ಲ. ಎರಡನೆಯದು ಹೆಚ್ಚು ಸುಡುತ್ತಿತ್ತು. ಬೆಲ್ಲ ಬಿದ್ದರೆ ಖಾರ ತಗ್ಗುತ್ತದೆ, ಹಾಗಾದರೆ ಸುಡುವುದೇ ಬೆಲ್ಲವಿಲ್ಲದ್ದು ಎಂದು ಮನಸ್ಸಿನಲ್ಲೇ ವಕೀಲರ ಹಾಗೆ ವಾದ ಮಾಡಿದೆ. "ಇದು" ಎಂದು ಬೆರಳು ತೋರಿಸಿದೆ. ಆಕೆ ಒಂದು ಗಳಿಗೆ ನನ್ನನ್ನು ನೋಡಿದಳು.

"ಇದಾ? ಬೀಗರ ಮನೆಗೇನ್ರೀ?"

"ಹೂಂ, ಜಡೆಗೆ."

"ಹಂಗಾದ್ರೆ ಸರಿ ಬಿಡ್ರಿ" ಎಂದು ಸ್ಟೀಲ್ ಡಬ್ಬಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಕೊಟ್ಟಳು. ಆ ಮಾತಿನಲ್ಲಿ ಏನಿದೆ ಎಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಗೆದ್ದೆ ಎಂದುಕೊಂಡೇ ಓಣಿ ದಾಟಿದೆ.

ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬಸ್ಸು ಅದನ್ನು ತಪ್ಪಿಸಿಕೊಂಡು ಮೆಲ್ಲಗೆ ಓಲಾಡುತ್ತ ಹೋಗುತ್ತಿತ್ತು. ತೊಡೆಯ ಮೇಲೆ ಬುತ್ತಿಯ ಗಂಟು, ಅದರ ಮೇಲೆ ಡಬ್ಬಿ. ಕಿಟಕಿಯ ಹೊರಗೆ ಹಳದಿ ಮುಗಿದು ಹಸಿರು ಶುರುವಾಯಿತು. ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಮಗಳು ಚಿಕ್ಕವಳಾಗಿ ನನ್ನ ಮಡಿಲಲ್ಲಿ ಮಲಗಿದ್ದಳು, ಅವಳ ನೆತ್ತಿಗೆ ಮೂಗು ಒತ್ತಿದರೆ ಹರಳೆಣ್ಣೆಯ ವಾಸನೆ ಬಂತು. ನಿಜವಾಗಿ ಬಂತು. ಎಚ್ಚರಾಗಿ ನೋಡಿದರೆ ಡಬ್ಬಿಗೆ ಮೂಗು ತಾಗಿಸಿಕೊಂಡು ಕೂತಿದ್ದೆ. ಪಕ್ಕದವಳು ಸ್ವಲ್ಪ ಸರಿದು ಕೂತಳು. ಸೊರಬದಲ್ಲಿ ಇಳಿದು ಜಡೆಯ ಬಸ್ಸಿಗೆ ಕಾಯುವಾಗಲೂ ಆ ಹರಳೆಣ್ಣೆ ಎಲ್ಲಾದರೂ ಇನ್ನೊಮ್ಮೆ ಸಿಕ್ಕೀತೇನೋ ಎಂದು ಉಸಿರೆಳೆಯುತ್ತಲೇ ಇದ್ದೆ.

ಮಗಳು ಬಾಗಿಲಿಗೆ ಬಂದಳು. ಕೆನ್ನೆ ಒಳಗೆ ಹೋಗಿತ್ತು, ಕಣ್ಣ ಸುತ್ತ ಕಪ್ಪು. ಕುಬಸ ತೊಡಿಸಿ, ಉಡಿ ತುಂಬಿ, ಮಣೆಯ ಮೇಲೆ ಕೂರಿಸಿ, ರೊಟ್ಟಿಯ ಮೇಲೆ ಪುಂಡಿ ಇಟ್ಟು ಬೆಣ್ಣೆ ಹಾಕಿ ತಟ್ಟೆಯನ್ನು ಮುಂದಿಟ್ಟೆ. ಅವಳ ಅತ್ತೆ, ನಮ್ಮ ಬೀಗತಿ, ಒಳ್ಳೆಯ ಹೆಂಗಸು. ಹತ್ತಿರವೇ ಕೂತು, "ಉಣ್ಣು ಮಾರಾಯ್ತಿ, ನಿಮ್ಮಮ್ಮ ತಂದದ್ದಾದ್ರೂ ನಿಲ್ತದಾ ನೋಡಣ" ಎಂದರು.

ಮಗಳು ಮೊದಲ ತುತ್ತು ಬಾಯಿಗಿಟ್ಟಳು. ಒಂದು ಕ್ಷಣ ಅಗಿಯುವುದು ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಅಗಿದು ನುಂಗಿದಳು. ಇನ್ನೊಂದು ತುತ್ತು, ಮತ್ತೊಂದು. ಒಂದೂವರೆ ರೊಟ್ಟಿ ಮುಗಿಸಿದಳು. ನನ್ನ ಎದೆ ಹಗುರಾಯಿತು. ಸಾರಿನಲ್ಲಿ ಚಿಟಿಕೆ ಬೆಲ್ಲವಿದ್ದರೂ ತಟ್ಟೆ ತಳ್ಳುವವಳು ಅವಳು. ಅವಳು ಉಂಡಳೆಂದರೆ ನಾನು ಸರಿಯಾದದ್ದನ್ನೇ ಆರಿಸಿದ್ದೆ.

ಬಸುರಿ ಉಂಡ ಮೇಲೆ ಬೀಗತಿಯೂ ಒಂದು ಚೂರು ಬಾಯಿಗೆ ಹಾಕಿಕೊಂಡರು. ಅವರ ಮುಖ ಅರಳಿತು.

"ಅಯ್ಯೋ ಅಕ್ಕ, ನಮ್ಮ ಬಾಯಿಗೆ ಸರಿಯಾಗಿ ಬೆಲ್ಲ ಹಾಕಿ ತಂದೀರಲ್ರೀ! ಬೆಲ್ಲಕ್ಕೆ ತಕ್ಕ ಹಾಗೆ ಖಾರನೂ ಮುಂದಿದೆ. ಎಷ್ಟು ಚೆನ್ನಾಗಿದೆ. ನಿಮ್ಮ ಕಡೆಯೋರು ಬೆಲ್ಲ ಅಂದ್ರೆ ಮೂಗು ಮುರೀತೀರಿ ಅಂದ್ಕೊಂಡಿದ್ದೆ."

ನನ್ನ ಕೈಯಲ್ಲಿ ಬೆಣ್ಣೆಯ ಬಟ್ಟಲಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. "ಹೌದ್ರಿ, ನಿಮಗೂ ಆಗಲಿ ಅಂತ" ಎಂದೆ. ಮಗಳು ಕೈ ತೊಳೆಯಲು ಹಿತ್ತಿಲಿಗೆ ಎದ್ದು ಹೋದಳು. ವಾಂತಿ ಮಾಡಲಿಕ್ಕೇ ಹೋದಳು ಎಂದು ನಾನೂ ಹಿಂದೆಯೇ ಓಡಿದೆ.

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಯಾವಾಗಿಂದ ಅವ್ವ?" ಎಂದು ಕೇಳಿದಳು.

ಏನೆಂದು ಕೇಳುವ ನಾಟಕ ಮಾಡಲಾಗಲಿಲ್ಲ. "ಶಿವರಾತ್ರಿ ಆದಮೇಲಿಂದ" ಎಂದೆ.

"ಪಂಚಮಿಗೆ ಬಂದಾಗ ಶೇಂಗಾ ಉಂಡಿ ಕಮಟಾಗಿತ್ತು. ನೀನು ತಿಂದು, ಈ ಸಲ ಚಂದ ಆಗ್ಯಾವೆ ಅಂದೆ. ಅವತ್ತೇ ಗೊತ್ತಾತು. ನೀನೇ ಹೇಳ್ತೀಯ ಅಂತ ಕಾದೆ. ನಂಗೆ ಬಯಕೆ ಆಗಿದ್ದು ಸುಳ್ಳಲ್ಲ. ಆದ್ರೆ ಪುಂಡಿ ಕೇಳಿದ್ರೆ, ನಂಗೆ ಮಾಡಾಕೆ ಆಗಲ್ಲ ಮಗಾ ಅಂತ ಅವಾಗಾದ್ರೂ ಹೇಳ್ತೀಯ ಅಂದ್ಕೊಂಡೆ."

ನನಗೆ ಅಳು ಬಂತು. ಎಂಟು ತಿಂಗಳು ಹುಬ್ಬು ಗಂಟು ಹಾಕಿದ್ದು, ಕುರಿಗೆ ಬೇಲಿ ತೆಗೆದದ್ದು, ಮನೆಯವರನ್ನು ಬೈದದ್ದು ಎಲ್ಲ ಒಟ್ಟಿಗೆ ಬಂತು. ತುಂಬ ನಾಚಿಕೆಯಾಯಿತು. ಅವಳು ನನ್ನನ್ನು ಅಳಲು ಬಿಟ್ಟಳು, ಸಮಾಧಾನ ಮಾಡಲಿಲ್ಲ. ಆಮೇಲೆ ಒಳಗೆ ಹೋಗಿ ಉಳಿದ ಅರ್ಧ ರೊಟ್ಟಿಗೆ ಪುಂಡಿ ಹಚ್ಚಿ ತಂದು, "ಬಾಯಿ ತೆಗಿ" ಎಂದು ನನ್ನ ಬಾಯಿಗಿಟ್ಟಳು.

"ನೀನು ಅಗಿ. ನಾನು ಹೇಳ್ತೀನಿ. ಮೊದ್ಲು ಖಾರ, ಅದು ನಿಂಗೂ ಗೊತ್ತಾಗ್ತತೆ. ಅದರ ಹಿಂದೇನೇ ಬೆಲ್ಲ, ದರಿದ್ರದ್ದು. ಈಗ ಉಪ್ಪು, ಸರಿ ಐತೆ. ತಡಿ, ನುಂಗಬ್ಯಾಡ. ಈಗ ಬರ್ತತೆ ನೋಡು ಹುಳಿ, ದವಡೆ ಹಿಂದೆ. ಸಣ್ಣಗೆ ಐತೆ. ಬೆಲ್ಲದ ಕೆಳಗೆ ಸಿಕ್ಕೊಂಡೈತೆ. ಆದ್ರೆ ಐತೆ."

ನಾನು ಕಣ್ಣು ಮುಚ್ಚಿ ಅವಳ ದನಿಯನ್ನು ಅಗಿಯುತ್ತಿದ್ದೆ. ಬಾಯಿಗೆ ಏನೂ ಬರಲಿಲ್ಲ. ಆದರೂ ಆ ಎಂಟು ತಿಂಗಳಲ್ಲಿ ನಾನು ಊಟ ಮಾಡಿದೆ ಅನ್ನಿಸಿದ್ದು ಅದೊಂದೇ ತುತ್ತು.

"ಚೆನ್ನಾಗೈತಾ?" ಎಂದು ಕೇಳಿದೆ.

"ಇಲ್ಲ ಅವ್ವ. ಕೆಟ್ಟದಾಗೈತೆ" ಎಂದಳು.

ಎಂಟು ತಿಂಗಳಲ್ಲಿ ಮೊದಲ ಸಲ ರುಚಿಯ ವಿಷಯದಲ್ಲಿ ಒಂದು ನಿಜವನ್ನು ಹರಿಹಾಯದೆ ಕೇಳಿಸಿಕೊಂಡಿದ್ದೆ. ನಾನು ನಕ್ಕೆ, ಅವಳೂ ನಕ್ಕಳು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು, ನಾನೂ ಕಾದೆ. ಏನೂ ಆಗಲಿಲ್ಲ. ಉಂಡದ್ದು ಒಳಗೇ ನಿಂತಿತ್ತು.