ಹೆಣದ ಗಾಡಿಗೆ ಗ್ಯಾರೇಜಿಲ್ಲ

ಸಿದ್ದಾಪುರದಲ್ಲಿ ಇನ್ನೂ ನಸುಕು. ಮನೆ ಮುಂದೆ ನಿಂತ ಬಿಳಿ ವ್ಯಾನಿನ ಮುಂದಿನ ಸೀಟು ಎತ್ತಿ, ಅದರಡಿಯ ಎಂಜಿನ್ನಿನ ಮೇಲೆ ಬಾಗಿದ್ದಾರೆ ಸಣ್ಣಪ್ಪ. ಹೆಂಡತಿ ಮಾರೆವ್ವ ಮೊಬೈಲಿನ ಬೆಳಕು ಹಿಡಿದಿದ್ದಾರೆ. ಮರಳಿ ಎಂಬ ಊರಿನ ಅಜ್ಜರೊಬ್ಬರು ಗಂಗಾವತಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ. ಹೊತ್ತು ಏರುವುದರೊಳಗೆ ಗಾಡಿ ಅಲ್ಲಿರಬೇಕು.

"ನಿನ್ನಿ ಎಣ್ಣಿ ಸುಟ್ಟ ವಾಸನಿ ಬಂತ್ರಿ. ಎಂಜಿನ್ ಪೂರಾ ಆರಿದ ಮ್ಯಾಲೇ ಪ್ಲಗ್ ಬಿಚ್ಚಬೇಕು. ಅದಕ್ಕ ಈ ಹೊತ್ತಿನ್ಯಾಗ ಕುಂಡ್ರತೀನಿ," ಎನ್ನುತ್ತಾರೆ ಸಣ್ಣಪ್ಪ.

ಎಂಜಿನ್ನಿನ ತಲೆಯ ಮೇಲಿನ ಮುಚ್ಚಳವೇ ವಾಲ್ವ್ ಕವರ್. ಅದರ ಅಂಚಿಗೆ ಕೂರುವ ರಬ್ಬರ್ ಪಟ್ಟಿ ಗ್ಯಾಸ್ಕೆಟ್. ಅದು ಸೆಟೆದು ಬಿರಿದರೆ ಆಯಿಲ್ ಜಿನುಗಿ ಸ್ಪಾರ್ಕ್ ಪ್ಲಗ್ಗಿನ ಮೇಲೆ ಇಳಿಯುತ್ತದೆ. ಕಿಡಿ ಬೀಳದೆ ಗಾಡಿ ಕುಂಟುತ್ತದೆ, ಕೊನೆಗೆ ನಿಲ್ಲುತ್ತದೆ. ಸಣ್ಣಪ್ಪ ಸೈಕಲ್ ಪಂಪಿನಿಂದ ಗಾಳಿ ಊದಿ ಧೂಳು ಹಾರಿಸುತ್ತಾರೆ, ಪ್ಲಗ್ ಬಿಚ್ಚುತ್ತಾರೆ, ಕವರ್ ಎತ್ತಿ ಹಳೆಯ ಗ್ಯಾಸ್ಕೆಟ್ ಕಿತ್ತು ಅಂಚನ್ನೆಲ್ಲ ಪೆಟ್ರೋಲ್ ಬಟ್ಟೆಯಿಂದ ಒರೆಸುತ್ತಾರೆ.

ತಿಂಗಳಿಗೆ ಹತ್ತು ಹನ್ನೆರಡು ಹೆಣ ಸಾಗಿಸುವ ಗಾಡಿ ಇದು. ಸತ್ತಾಗ ಎಲ್ಲರಿಗೂ ಬೇಕು, ಕೆಟ್ಟಾಗ ಯಾರಿಗೂ ಬೇಡ. "ಹೆಣದ ಗಾಡಿ ಬಾಗಿಲಿಗೆ ನಿಂತ್ರ ಬೋಣಿಗಿ ಆಗೂದಿಲ್ಲ ಅಂತಾರ್ರಿ ಗ್ಯಾರೇಜಿನವ್ರು." ಹಿಂದೆ ಲಾರಿ ಮೆಕ್ಯಾನಿಕ್ ಆಗಿದ್ದ ನೆರೆಮನೆಯ ರಸೂಲಸಾಬರು ಈ ಅಂಗಳದಲ್ಲೇ ಕೆಲಸ ಕಲಿಸಿಕೊಟ್ಟರು. ಆದರೆ ಅವರು ಕಲಿಸುವ ಮೊದಲೇ ಒಂದು ಅನಾಹುತ ನಡೆದುಹೋಗಿತ್ತು.

ಎರಡು ವರ್ಷದ ಹಿಂದಿನ ಮಾತು. ಒಬ್ಬ ಮುದುಕಿಯ ಹೆಣ ಹೊತ್ತ ವ್ಯಾನು ಭತ್ತದ ಗದ್ದೆಗಳ ನಡುವೆ ನಿಂತುಬಿಟ್ಟಿತು. ಹಿಂದೆ ಟ್ರ್ಯಾಕ್ಟರಿನಲ್ಲಿ ಬಂಧುಗಳು. ದಾರಿಯಲ್ಲಿ ಹೆಣ ನಿಂತರೆ ಸತ್ತವರಿಗೆ ಹೋಗಲು ಮನಸ್ಸಿಲ್ಲ ಎಂದು ನಂಬುವ ಜನ. ಯಾರೋ ಅಂದರು: "ಸೊಸಿ ಮ್ಯಾಲಿನ ಸಿಟ್ಟು. ಕೂಳು ಹಾಕಿಲ್ಲ ಆಕಿ." ಅಷ್ಟೇ ಸಾಕಾಯಿತು. ಸೊಸೆಯನ್ನು ಟ್ರ್ಯಾಕ್ಟರಿನಿಂದ ಎಳೆದು ಇಳಿಸಿದರು.

"ಪ್ಲಗ್ಗಿಗೆ ಎಣ್ಣಿ ಬಂದೈತ್ರಿ, ಒಂದೀಟು ತಡೀರಿ ಅಂತ ಒದರಿದೆ. ಯಾರೂ ಕೇಳಲಿಲ್ಲ. ಟವೆಲ್ಲಿನಿಂದ ಒರಸಿ ಹಾಕಿ ಚಾವಿ ತಿರುವಿದೆ. ಆಕಿ ಹೆಣದ ಕಾಲು ಹಿಡಿದು 'ತಪ್ಪಾತು ಅತ್ತಿ' ಅನ್ನೂದಕ್ಕೂ ಗಾಡಿ ಚಾಲೂ ಆಗೂದಕ್ಕೂ ಒಂದ ಆತ್ರಿ."

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ತಪ್ಪು ಒಪ್ಪಿಕೊಂಡ ಮೇಲೇ ಅವ್ವ ಹೊರಟಳು ಎಂದು ಊರೇ ತೀರ್ಮಾನಿಸಿತು. ದಿನಕರ್ಮ ಮುಗಿದ ಮೇಲೆ ಸೊಸೆಯನ್ನು ತವರಿಗೆ ಅಟ್ಟಿದರು, ಮಕ್ಕಳಿಬ್ಬರನ್ನೂ ಇಟ್ಟುಕೊಂಡರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತೆ ಸತ್ತ ಮೇಲೂ ಈ ಸೊಸೆಯ ಕಾಲ ಬರಲಿಲ್ಲ. ಪೇಪರಿಗೆ ಬರೆಯಲೆಂದು ಬಂದು ಕೇಳುತ್ತ ಕೂತ ನನಗೆ ಸಿಟ್ಟು ಬರುತ್ತದೆ.

ಮತ್ತೆ ಎಣ್ಣೆ ಹತ್ತಿದ ಆ ಪ್ಲಗ್ಗನ್ನು ತೋರಿಸಲೆಂದು ಹಿಡಿದು ಸಣ್ಣಪ್ಪ ಆ ಮನೆಗೆ ಹೋಗಿದ್ದರು. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಒಳಗಿನಿಂದ ಮಾತು ಬಂತು: "ಇನ್ಯಾರನ್ನ ಒಯ್ಯಾಕ ಬಂದೀಯೋ?" ಬಾಗಿಲು ಮುಚ್ಚಿತು.

"ಅವತ್ತಿನಿಂದ ಇವರು ವಾಸನಿ ಬಂದ್ರ ಸಾಕು, ಉಣ್ಣೂದು ಬಿಟ್ಟು ಗಾಡಿ ಬಿಚ್ಚತಾರ," ಎನ್ನುತ್ತಾರೆ ಮಾರೆವ್ವ.

ಹೊಸ ಗ್ಯಾಸ್ಕೆಟ್ ಕೂತಿದೆ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ, ಆಚೆಗಿಷ್ಟು ಈಚೆಗಿಷ್ಟು ಎಂದು ಬಿಗಿಯುತ್ತಾರೆ. ಹೆಚ್ಚು ಬಿಗಿದರೆ ರಬ್ಬರು ಹಿಸುಕಿ ಮತ್ತೆ ಸೋರುತ್ತದೆ. ಹೊಸ ಪ್ಲಗ್ಗುಗಳನ್ನು ಮೊದಲು ಬೆರಳಿನಲ್ಲೇ ತಿರುವಿ, ಆಮೇಲೆ ಪಾನಾ ಹಾಕಿ ಬಿಗಿಯುತ್ತಾರೆ. ಚಾವಿ ತಿರುವಿದ ಕೂಡಲೇ ಎಂಜಿನ್ ಹಿಡಿಯುತ್ತದೆ. ಸಣ್ಣಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳುತ್ತಾರೆ. ಗಂಗಾವತಿಯಿಂದ ಫೋನು ಬರುತ್ತದೆ.

ಹೊರಡುವ ಮೊದಲು ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು.

"ನನ್ನ ಫೋಟೋ ಬ್ಯಾಡ್ರಿ. ಅವತ್ತ ಗಾಡಿ ನಿಂತಿದ್ದು ಪ್ಲಗ್ಗಿಗೆ ಎಣ್ಣಿ ಬಂದು, ಆ ಹೆಣ್ಣುಮಗಳಿಂದಲ್ಲ ಅಂತ ಒಂದ ಮಾತು ಬರೀರಿ. ಆ ಮನ್ಯಾಗ ಪೇಪರ್ ತರಸ್ತಾರ. ನನಗ ಬಾಗಿಲಾ ಹಾಕಿದ್ರು. ಪೇಪರಿಗೆ ಹಾಕೂದಿಲ್ಲಲ್ರಿ."