ಬುಧವಾರದ ಪರೀಕ್ಷೆ

ತಿರುವನಂತಪುರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಮನಃಶಾಸ್ತ್ರ ವಿಭಾಗದ ಮುಖ್ಯಸ್ಥ ಎಂದರೆ ಏನೋ ದೊಡ್ಡ ಹುದ್ದೆ ಎಂದು ಕಾಸರಗೋಡಿನ ನಮ್ಮವರು ತಿಳಿದಿದ್ದರು. ಅರವತ್ತರ ದಶಕದ ಕೊನೆಯ ವರ್ಷಗಳವು. ಇದ್ದದ್ದು ನಾನು, ಇಬ್ಬರು ಸಹಾಯಕರು, ಒಂದು ಮರದ ಕಪಾಟು. ವಿಭಾಗ ಸಣ್ಣದು, ಹಾಗಾಗಿ ನಾನು ನಿಯಮಗಳನ್ನು ದೊಡ್ಡದು ಮಾಡಿದೆ.

ನೆನಪು, ಬುದ್ಧಿಶಕ್ತಿಯ ಪರೀಕ್ಷೆಗೆ ಮೊದಲು, ಚಿಕಿತ್ಸೆಯನ್ನೆಲ್ಲ ಬರೆದಿಡುವ ರೋಗಿಯ ಕೇಸ್ ಶೀಟನ್ನು ನಮ್ಮವರು ಯಾರೂ ನೋಡಬಾರದು ಎನ್ನುವುದು ಅವುಗಳಲ್ಲಿ ಮುಖ್ಯವಾದದ್ದು. ವೈದ್ಯರು ಬರೆದದ್ದನ್ನು ಓದಿದರೆ ನಮ್ಮ ಅಂಕಗಳೂ ಆ ಕಡೆಗೇ ವಾಲುತ್ತವೆ, ಹೆಸರಿನ ಚೀಟಿಯೊಂದೇ ಸಾಕು ಎಂಬುದು ನನ್ನ ವಾದ. ಪರೀಕ್ಷೆ ಬುಧವಾರವೇ, ವಾರ್ಡಿನ ಪಕ್ಕದ ದೊಡ್ಡ ಕೋಣೆಯಲ್ಲಿ. ಮಂಗಳವಾರ ವಿದ್ಯುತ್ ಶಾಕ್ ಚಿಕಿತ್ಸೆ ಕೊಟ್ಟವರನ್ನು ಅಲ್ಲಿ ಮಲಗಿಸುತ್ತಿದ್ದರು. ಬುಧವಾರ ಅದು ಖಾಲಿ.

"ಅಲ್ಲಿ ಉಳಿದವರಿಗೆಲ್ಲ ಮದ್ದುಂಟು. ನಿಮ್ಮ ಶಿಸ್ತಿನ ಹುಚ್ಚಿಗೆ ಮಾತ್ರ ಇಲ್ಲ ಮಾರಾಯ್ರೆ," ಎಂದು ನನ್ನ ಹೆಂಡತಿ ಕೆಣಕುತ್ತಿದ್ದಳು.

ಎರ್ನಾಕುಲಂ ಬಳಿಯ ಏಲೂರಿನ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ವಾಲ್ವ್ ತಿರುಗಿಸುತ್ತಿದ್ದವನೊಬ್ಬ ವರ್ಷದಿಂದ ನಮ್ಮಲ್ಲಿದ್ದ. ಈಗ ಗುಣವಾಗಿದ್ದ. ಕಾರ್ಖಾನೆಯವರು ಅವನ ಕೆಲಸವನ್ನು ಉಳಿಸಿಟ್ಟಿದ್ದರು, ಆದರೆ ತಿಂಗಳ ಕೊನೆಯೊಳಗೆ ನಮ್ಮ ವಿಭಾಗದ ವರದಿ ಬೇಕೆಂದಿದ್ದರು. ಯಾವ ವಾಲ್ವ್ ಯಾವಾಗ ತಿರುಗಿಸಬೇಕೆಂಬುದು ಇವನ ನೆನಪಿನಲ್ಲಿ ನಿಲ್ಲುತ್ತದೆಯೇ? ಕೆಲಸ ಸಿಕ್ಕರೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವನ ಹೆಂಡತಿ ಬರೆದಿದ್ದಳು. ಇಲ್ಲದಿದ್ದರೆ ಆಗದು, ಅವಳೇ ಅಣ್ಣನ ಮನೆಯಲ್ಲಿದ್ದಳು. ಇದೆಲ್ಲ ಅವನಿಗೂ ಗೊತ್ತಿತ್ತು.

ಬುಧವಾರ ನಾನೇ ಅವನನ್ನು ಕೂರಿಸಿಕೊಂಡೆ. ಸಣ್ಣ ಕಥೆಯೊಂದನ್ನು ಓದಿದೆ. ಅದರ ಅರ್ಧವನ್ನೂ ಅವನು ತಿರುಗಿ ಹೇಳಲಿಲ್ಲ. ಒಂದನ್ನು ಹೇಳಿದರೆ ಅದರ ಜೊತೆಯದನ್ನು ನೆನೆದು ಹೇಳಬೇಕಾದ ಜೋಡಿ ಪದಗಳೂ ತಪ್ಪಿದವು.

"ಇವತ್ತು ತಲೆ ಮಂಕಾಗಿದೆ ಸಾರೇ. ಇನ್ನೊಂದು ದಿನ ಕೇಳ್ತೀರಾ?" ಎಂದು ಮಲಯಾಳದಲ್ಲಿ ಕೇಳಿದ.

ತಪ್ಪಿದವರೆಲ್ಲ ಹೇಳುವ ಮಾತು ಎಂದುಕೊಂಡೆ. ನೆನಪಿನ ಶಕ್ತಿ ಸ್ಪಷ್ಟವಾಗಿ ಕುಂದಿದೆ ಎಂದು ಬರೆದು, ಸಹಿ ಹಾಕಿ, ಕಾರ್ಖಾನೆಗೊಂದು ಅವನ ಹೆಂಡತಿಗೊಂದು ಪ್ರತಿಯನ್ನು ಅಂದೇ ಟಪಾಲಿಗೆ ಹಾಕಿಸಿದೆ.

ಕೆಲಸದಿಂದ ತೆಗೆದಿದ್ದೇವೆ ಎಂಬ ಉತ್ತರ ಬಂದ ದಿನ ವಾರ್ಡಿನ ಅಟೆಂಡರ್ ತಣ್ಣಗೆ ಹೇಳಿದ: "ಪರೀಕ್ಷೆಯ ಹಿಂದಿನ ದಿನವಷ್ಟೇ ಅವನಿಗೆ ಶಾಕ್ ಕೊಟ್ಟಿದ್ದರಲ್ಲ ಸಾರ್. ಮನೆಗೆ ಹೋಗುವ ಮುಂಚೆ ಕೊನೆಯದೊಂದು ಇರಲಿ ಅಂತ."

ಶಾಕಿನ ನಂತರ ಕೆಲವು ದಿನ ನೆನಪು ಮಂಕಾಗುತ್ತದೆಂದು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪ್ರತಿ ವರ್ಷ ಪಾಠ ಮಾಡುವವನು ನಾನು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯಿಂದ ನನಗೆ ಸಮಾಧಾನವಾಗಲಿಲ್ಲ. ನಾಚಿಕೆಯಾಯಿತು, ನನ್ನ ಮೇಲೆ ಹೇಸಿಗೆಯಾಯಿತು. ಅದಕ್ಕೂ ಮುಂಚಿನ ಬುಧವಾರಗಳ ವರದಿಗಳನ್ನು ತೆಗೆದು ನೋಡುವ ಧೈರ್ಯ ಬರಲಿಲ್ಲ.

ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದೆ. ಬಹುಮಟ್ಟಿಗೆ ಎಲ್ಲವನ್ನೂ ಸರಿಯಾಗಿ ಹೇಳಿದ. ಹೊಸ ವರದಿ ಬರೆದುಕೊಂಡು ನಾನೇ ಎರ್ನಾಕುಲಂಗೆ ರೈಲಿನಲ್ಲಿ ಹೋಗಿ, ಬಸ್ಸು ಹಿಡಿದು ಏಲೂರಿಗೆ ಹೋದೆ. ಕಾರ್ಖಾನೆಯ ಅಧಿಕಾರಿ ಚಹಾ ತರಿಸಿಕೊಟ್ಟು, ಆ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡಾಗಿದೆ ಎಂದರು.

ಅಲ್ಲಿಂದ ಅವನ ಹೆಂಡತಿಯಿದ್ದ ಅವಳ ಅಣ್ಣನ ಮನೆಗೆ ಹೋದೆ. ಅವಳು ಹಳೆಯ ವರದಿಯನ್ನು ಒಳಗಿನಿಂದ ತಂದು ಹೊಸದರ ಪಕ್ಕದಲ್ಲಿಟ್ಟು, ನಿಧಾನವಾಗಿ ಎರಡನ್ನೂ ಓದಿದಳು.

"ತಪ್ಪು ನನ್ನದಮ್ಮ, ಅವನದಲ್ಲ," ಎಂದೆ.

"ಎರಡರಲ್ಲೂ ಸಾರ್ ಅವರದೇ ಸಹಿ ಉಂಟು. ನಾಳೆ ಇನ್ನೊಂದು ಬರೆದರೆ ನಾನು ಏನು ಮಾಡಲಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಎರಡು ಕಾಗದಗಳನ್ನೂ ಮಡಿಸಿ ನನ್ನ ಕೈಗೇ ಕೊಟ್ಟಳು.

ಆಮೇಲೆ ನಿಯಮ ತಿದ್ದಿದೆ, ಕೇಸ್ ಶೀಟ್ ನೋಡದೆ ಯಾರನ್ನೂ ಕೂರಿಸುತ್ತಿರಲಿಲ್ಲ. ಅವನಿಗೆ ಅದರಿಂದ ಏನೂ ಆಗಲಿಲ್ಲ. ಎಪ್ಪತ್ತರ ದಶಕದ ನಡುವೆ ನಾನು ಆ ಆಸ್ಪತ್ರೆ ಬಿಟ್ಟಾಗಲೂ ಅವನು ಅದೇ ವಾರ್ಡಿನಲ್ಲಿದ್ದ.

ಅಂದು, ನಾನು ಏಲೂರಿನಿಂದ ಹಿಂತಿರುಗಿದ ಮರುದಿನ, ಅವನು ವಾರ್ಡಿನ ಬಾಗಿಲಲ್ಲೇ ಕಾಯುತ್ತಿದ್ದ. "ಅವಳು ಯಾವಾಗ ಬರ್ತಾಳಂತೆ ಸಾರೇ?"

ಜೇಬಿನಲ್ಲಿದ್ದ ಆ ಎರಡು ಕಾಗದಗಳನ್ನು ಇನ್ನೂ ಒಳಕ್ಕೆ ತಳ್ಳಿದೆ. ಅವನು ನನ್ನ ಮುಖ ನೋಡಿದ. ಆಮೇಲೆ ನನಗೇ ಸಮಾಧಾನ ಹೇಳುವವನಂತೆ, "ಕೇಳೋದಕ್ಕೆ ಮರೆತುಬಿಟ್ಟಿರಬೇಕು ನೀವು," ಎಂದ.

"ಹೌದು, ಮರೆತೆ," ಎಂದೆ.